ಎರಡು ಗೆರಿ

ಹೈದರಾಬಾದಿನ ದವಾಖಾನ್ಯಾಗ ಡಾಕ್ಟರಮ್ಮ
ನಮ್ಮ ಮನಿತನಾನ ಒಂದ ಹಾಳಿ ಮ್ಯಾಲ ಬರದಳು.
ಗಂಡಸಿಗೆ ಚೌಕ, ಹೆಂಗಸಿಗೆ ದುಂಡ,
ಕಣ್ಣು ಹೋದವರಿಗೆ ಒಳಗೆಲ್ಲ ಕರಿ ಶಾಯಿ.
ಹೊರಗಿನವರ ಕೂಡ ಮದುವಿ ಆದ್ರ ನಡುವ ಒಂದ ಗೆರಿ,
ಒಳಗಿಂದೊಳಗ ಆದ್ರ ಎರಡು.
ಅಪ್ಪ-ಅವ್ವನ ನಡುವ ಎರಡು.
ಭಾಗಕ್ಕ, ಸಾತಲಿಂಗ ಮಾಮಾನ ನಡುವ ಎರಡು.
ದುಧನಿ ಟೇಶನ್ನಿನಾಗೂ ಇಷ್ಟು ಹಳಿ ಇಲ್ಲ ಅಂದೆ ನಾನು.
ಯಾರೂ ನಗಲಿಲ್ಲ.

ನನ್ನ ಚೌಕ ಅರ್ಧ ಕರಿ.
ಅಂದ್ರ ನನಗ ಕಾಣಸ್ತದ, ಆದ್ರ ಹೊತಗೊಂಡೀನಿ.
ಅಡತಿ ಅಂಗಡ್ಯಾಗ ಹತ್ತು ವರ್ಷ ಬರದೀನಿ,
ಯಾರ ಚೀಲ, ಯಾರ ತೂಕ, ಯಾರ ಬಾಕಿ.
ಈ ಬಾಕಿ ಯಾವ ಖಾತೆಗೂ ಬಿದ್ದಿರಲಿಲ್ಲ.

ಭಾಗಕ್ಕಗ ಮೊದಲು ಹೋದದ್ದು ಸಂಜಿ.
ದೀಪ ಹಚ್ಚೂ ಹೊತ್ತಿಗೆ ಹೊಸ್ತಿಲ ಎಡವತಿದ್ದಳು,
ಹೊಸ ಸೊಸಿ ನಡಿಗಿ ಸರಿ ಇಲ್ಲ ಅಂದ್ರು ಮಂದಿ.
ಆಮ್ಯಾಲ ಬದಿಗಳು ಹೋದುವು.
ತಾಟಿನಾಗ ರೊಟ್ಟಿ ಕಾಣತಿತ್ತು, ಬದನಿಕಾಯಿ ಇಲ್ಲ.
ಈಗ ಜರಡಿಯ ಒಂದ ತೂತಿನಷ್ಟು ಜಗತ್ತು ಉಳದದ,
ಅದರಾಗ ಒಮ್ಮೆ ಮಗಳ ಹುಬ್ಬು, ಒಮ್ಮೆ ಹಲ್ಲು;
ಪೂರಾ ಮಾರಿ ಕೂಡಿಸಿಕೊಳ್ಳಾಕ ಹೊತ್ತು ಹಿಡೀತದ.

ಪುಣೆದಾಗ ಒಬ್ಬ ನಾಲ್ಕು ಲಕ್ಷ ಕೇಳಿದ್ದ,
ಹೊಟ್ಟಿ ಕೊಬ್ಬು ತಗದು ಕಣ್ಣಿಗೆ ಹಾಕತೀನಿ, ಗ್ಯಾರಂಟಿ ಅಂದಿದ್ದ.
ಅವ್ವ ಪಾಟ್ಲಿ ಬಿಚ್ಚಿ ಮುಂದಿಟ್ಟಿದ್ದಳು.
ಈ ಡಾಕ್ಟರಮ್ಮ ರೊಕ್ಕ ಕೇಳಲಿಲ್ಲ, ಗ್ಯಾರಂಟಿನೂ ಕೊಡಲಿಲ್ಲ.
ಒಂದೇ ಕಣ್ಣು, ಅದೂ ಹೆಚ್ಚು ಹಾಳಾದದ್ದು,
ಇದು ಪ್ರಯೋಗ, ಉಪಚಾರ ಅಲ್ಲ ಅಂತ ಮೂರು ಸಲ ಅಂದಳು.
ಅಲ್ಲಿ ನಮಗ ನಂಬಿಗಿ ಬಂತು.

ಸಮ್ಮತಿಪತ್ರ ಹದಿನಾಲ್ಕು ಹಾಳಿ.
ತೆಲುಗು ಇತ್ತು, ಮರಾಠಿ ಇತ್ತು, ಇಂಗ್ಲಿಷ್ ಇತ್ತು.
ಸುಪ್ರಿಯಾ ಮರಾಠೀದು ಹಿಡಕೊಂಡು
ಬೆಂಚಿನ ಮ್ಯಾಲ ತನ್ನವ್ವಗ ಕನ್ನಡ ಮಾಡಿ ಹೇಳಿದಳು.
'ಮೂಳಪೇಶಿ' ಅಂಬಲ್ಲಿ ನಿಂತಳು.
ಬಿ.ಎಸ್ಸಿ. ಓದೂ ಹುಡುಗಿ, ಮನಿ ಮಾತಿನಾಗ ಆ ಶಬ್ದ ಇಲ್ಲ.
"ಇನ್ನಾ ಏನೂ ಆಗಿರದ ಕಣ ಅವ್ವಾ.
ಚರ್ಮ ಆಗಬೇಕೋ, ರಕ್ತ ಆಗಬೇಕೋ, ಠರಾಸಿರೂದಿಲ್ಲ.
ಅದನ್ನ ರಮಿಸಿ ರಮಿಸಿ, ಕಣ್ಣಾಗು ಅಂತ ಕಲಿಸ್ತಾರ."
"ಅಂದ್ರ ನಿಮ್ಮ ಮಾಮಾನ ಹಂಗ," ಅಂದ್ಲು ಭಾಗಕ್ಕ,
"ಮೂವತ್ತೊಂದಾದ್ರೂ ಏನೂ ಆಗಿಲ್ಲ."
ಇದಕ್ಕ ಎಲ್ಲಾರೂ ನಕ್ಕರು,
ಮಾತು ತಿಳೀದ ನರ್ಸಬಾಯಿ ಸುದ್ದಾ.

ನಂದೇ ತಗೋರಿ ಅಂದೆ.
ಬ್ಯಾಡ, ನಿಮ್ಮ ರಕ್ತದಾಗೂ ಅದೇ ತಪ್ಪು ಬರದದ,
ಹೊರಗಿನವರದು ಬೇಕು ಅಂದ್ರು.
ಯಾರದು? ಯಾವ ಊರು, ಯಾವ ಮಂದಿ?
ಅವ್ವನ ಪ್ರಶ್ನಿಗೆ ಹದಿನಾಲ್ಕು ಹಾಳ್ಯಾಗ ಉತ್ತರ ಇರಲಿಲ್ಲ.
ಕುಲ ಕೇಳದ ನಮ್ಮ ಮನಿ ಒಳಗ ಮಾಡಿಕೊಂಡ ಮೊದಲ ಬೀಗ.

ಐದು ತಿಂಗಳಾತು. ಕಾಣಸ್ತೇನು ಅಂತ ಓಣಿ ಕೇಳತದ.
"ಎಡಗಡೆ, ಬಾಗಿಲಾ ಇದ್ದಲ್ಲಿ, ಕತ್ತಲಿ ತೆಳ್ಳಗಾಗದ," ಅಂತಾಳ ಒಮ್ಮೆ.
"ಇಲ್ಲ, ಹಂಗ ಅಂದಕೊಂಡೆ," ಅಂತಾಳ ಮರುದಿನ.
ಎರಡನ್ನೂ ಸುಪ್ರಿಯಾ ತಾರೀಖು ಹಾಕಿ ವಹಿಯಾಗ ಬರೀತಾಳ.

ನಿನ್ನಿ ಅವ್ವ ಮತ್ತ ಅದೇ ತಗದಳು.
ಅಕ್ಕನ ಮಗಳು, ಹಕ್ಕಿನ ಹೆಣ್ಣು, ಹೊರಗ ಯಾಕ ಕೊಡೂದು?
ಮಾತಾಡಾಕ ಬರದ ಗುಮಾಸ್ತ ನಾನು, ಹಾಳಿ ತಗೊಂಡೆ,
ನನ್ನ ಚೌಕ ಬರದೆ, ಅರ್ಧ ತುಂಬಿದೆ.
ಸುಪ್ರಿಯಾ ಪೆನ್ನು ಕಸಕೊಂಡಳು.
ತನ್ನ ದುಂಡ ತಾನೇ ಬರದು, ಅರ್ಧ ತಾನೇ ತುಂಬಿದಳು,
ಹಾಳಿಯ ಆ ತುದಿಗೆ. ನಡುವ ಗೆರಿ ಎಳೀಲಿಲ್ಲ.

ಅವ್ವಗ ಅದು ತಿಳೀಲಿಲ್ಲ.
ಭಾಗಕ್ಕ ಕೈ ಚಾಚಿ ಹಾಳಿ ಇಸಕೊಂಡಳು,
ಒತ್ತಿ ಬರದ ಗುರುತು ಬೆರಳಲೆ ಸವರಿದಳು.
ಚೌಕದಿಂದ ದುಂಡಿನ ತನಕ ನುಣ್ಣಗ, ಖಾಲಿ.
"ಇಷ್ಟು ಜಾಗಾ ಇರಲಿ," ಅಂದ್ಲು.

ಅವ್ವ ಸೆರಗು ಝಾಡಿಸಿ ಒಳಗ ಹೋದಳು.
ಪ್ಯಾಟ್ಯಾಗ ತೊಗರಿ ಸೌದಾ ಶುರುವಾಗೂ ಹೊತ್ತು,
ನಾನೂ ಎದ್ದೆ.